ಪುಸ್ತಕ ಬಂತು, ಮೈಕೂ ಬಂತು: ಸಂದರ್ಶನಕ್ಕೆ ಲೇಖಕರ ತಯಾರಿ

ಆಕಾಶವಾಣಿ ನಿಲಯದಿಂದ ಕರೆ ಬರುತ್ತದೆ. ನಿಮ್ಮ ಹೊಸ ಪುಸ್ತಕದ ಬಗ್ಗೆ ಸಂದರ್ಶನ ಮಾಡೋಣ, ಮುಂದಿನ ಬುಧವಾರ ಹನ್ನೊಂದು ಗಂಟೆಗೆ ಬರಲಾದೀತೇ ಎಂದು ಕೇಳುತ್ತಾರೆ. ಸಂತೋಷದಿಂದ ಒಪ್ಪಿಕೊಳ್ಳುತ್ತೀರಿ. ಮನೆಯವರಿಗೆ, ಪ್ರಕಾಶಕರಿಗೆ ಹೇಳುತ್ತೀರಿ. ಆಮೇಲೆ ಬುಧವಾರದವರೆಗೆ ಏನನ್ನೂ ಮಾಡುವುದಿಲ್ಲ. ನಾನೇ ಬರೆದ ಪುಸ್ತಕ, ಮೂರು ವರ್ಷ ಅದರೊಂದಿಗೇ ಇದ್ದೆ, ಅದರ ಬಗ್ಗೆ ಮಾತನಾಡಲು ತಯಾರಿ ಬೇರೆ ಬೇಕೇ ಎಂದುಕೊಳ್ಳುತ್ತೀರಿ.

ಬೇಕು. ಹಲವು ವರ್ಷ ಒಂದು ಬಾನುಲಿ ನಿಲಯದಲ್ಲಿ ತಾತ್ಕಾಲಿಕ ಉದ್ಘೋಷಕಿಯಾಗಿದ್ದು ಬರಹಗಾರರನ್ನು ಸಂದರ್ಶಿಸುತ್ತಿದ್ದೆ. ನನ್ನದೇ ಕಥಾಸಂಕಲನ ಬಂದ ಮೇಲೆ ಎದುರಿನ ಕುರ್ಚಿಯಲ್ಲೂ ಕುಳಿತೆ. ಆ ವರ್ಷಗಳ ಒಂದು ದಿನ ಇನ್ನೂ ಮನಸ್ಸಿನಲ್ಲಿದೆ. ಮಲೆನಾಡಿನ ಹಿರಿಯರೊಬ್ಬರು ಅಡಿಕೆ ತೋಟದ ಬದುಕಿನ ಬಗ್ಗೆ ಒಳ್ಳೆಯ ಕಾದಂಬರಿ ಬರೆದಿದ್ದರು. ಸ್ಟುಡಿಯೋದಲ್ಲಿ ಹದಿನಾಲ್ಕು ನಿಮಿಷ ‘ಗ್ರಾಮೀಣ ಬದುಕಿನ ಸ್ಥಿತ್ಯಂತರ’, ‘ಮೌಲ್ಯಗಳ ಪಲ್ಲಟ’ ಎಂದೇ ಮಾತನಾಡಿದರು. ಕೆಂಪು ದೀಪ ಆರಿತು. ಕಾರಿಡಾರಿನಲ್ಲಿ ಚಹಾ ಕುಡಿಯುತ್ತಾ ನಿಂತಾಗ ಅವರು ಹೇಳಿದರು: “ಕಾದಂಬರಿಯಲ್ಲಿ ಮರದಿಂದ ಬೀಳುತ್ತಾನಲ್ಲ, ಅಡಿಕೆ ಗೊನೆ ಕೊಯ್ಯುವ ಆ ಕೊನೆಗೌಡ, ಅವನು ನಮ್ಮ ತೋಟಕ್ಕೆ ಬರುತ್ತಿದ್ದವನೇ. ಮಳೆಗಾಲದಲ್ಲಿ ಗೊನೆಗೆ ಕೊಟ್ಟೆ ಕಟ್ಟಲು ಹತ್ತಿದರೆ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಒಂದು ಮರವನ್ನು ಬಾಗಿಸಿ ಇನ್ನೊಂದಕ್ಕೆ ದಾಟುತ್ತಿದ್ದ. ಅವನು ಬಿದ್ದ ದಿನ ನಾನು ಕೆಳಗೇ ನಿಂತಿದ್ದೆ, ತಾಯಿ. ಕೈಯಲ್ಲಿ ಅವನಿಗೆಂದು ತಂದ ಕಾಫಿ ಇತ್ತು.”

ನಾವು ಹುಡುಕುತ್ತಿದ್ದ ಸಂದರ್ಶನ ಅದು. ಕಾರಿಡಾರಿನಲ್ಲಿ ಆಗಿಹೋಯಿತು, ಕೇಳಿಸಿಕೊಂಡವಳು ನಾನೊಬ್ಬಳೇ. ಅಂದಿನಿಂದ ನನಗೆ ತಯಾರಿ ಎಂದರೆ ಆ ಕಾರಿಡಾರಿನ ಮಾತನ್ನು ಸ್ಟುಡಿಯೋದ ಒಳಕ್ಕೆ ತರುವ ಕೆಲಸ. ಅದನ್ನು ಹೇಗೆ ಮಾಡಬಹುದು ಎಂದು ಹಂತ ಹಂತವಾಗಿ ಹೇಳುತ್ತೇನೆ.

ಫೋನ್ ಇಡುವ ಮೊದಲು

ನಾಲ್ಕು ವಿಷಯಗಳನ್ನು ಕೇಳಿ ಬರೆದುಕೊಳ್ಳಿ. ನೇರ ಪ್ರಸಾರವೋ ಧ್ವನಿಮುದ್ರಣವೋ? ಒಟ್ಟು ಎಷ್ಟು ನಿಮಿಷ? ಸಂದರ್ಶಿಸುವವರು ಯಾರು? ಯಾವ ಕಾರ್ಯಕ್ರಮದಲ್ಲಿ ಬರುತ್ತದೆ? ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಆದರೆ ಯಾರ ಜೊತೆ ಮಾತನಾಡುತ್ತಿದ್ದೀರಿ ಎನ್ನುವುದು ಅದರಿಂದಲೇ ತಿಳಿಯುವುದು. ಆ ಅಡಿಕೆ ತೋಟದ ಕಾದಂಬರಿಯ ಮಾತು ಕೃಷಿರಂಗದಲ್ಲಿ ಬಂದರೆ ಕೇಳುವವರು ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹೊಡೆದು ಕೈ ನೀಲಿ ಮಾಡಿಕೊಂಡವರು. ಅವರಿಗೆ ಕೊಟ್ಟೆ ಎಂದರೇನೆಂದು ವಿವರಿಸಬೇಕಾಗಿಲ್ಲ. ಅದೇ ಮಾತು ಯುವವಾಣಿಯಲ್ಲಿ ಬಂದರೆ, ಮಳೆಗೆ ಅಡಿಕೆ ಗೊನೆ ಕೊಳೆಯದಂತೆ ಕಟ್ಟುವ ಹೊದಿಕೆ ಅದು ಎಂದು ಒಂದು ವಾಕ್ಯದಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗದು. ಬೆಂಗಳೂರಿನ 101.3 ಎಫ್‌ಎಂ ಕನ್ನಡ ಕಾಮನಬಿಲ್ಲಿನಂಥ ವಾಹಿನಿಯಲ್ಲಿ ಮಾತಿನ ನಡುವೆ ಹಾಡು ಬರುತ್ತದೆ, ಅಲ್ಲಿ ತುಂಡು ತುಂಡಾಗಿ ಮಾತನಾಡಲು ಸಿದ್ಧರಿರಬೇಕು. ಸರಗೂರಿನ ಜನಧ್ವನಿ, ಮಂಗಳೂರಿನ ಸಾರಂಗ್‌ನಂಥ ಸಮುದಾಯ ಬಾನುಲಿಯಲ್ಲಾದರೆ ಕೇಳುಗರು ಸುತ್ತಲಿನ ಕೆಲವೇ ಕಿಲೋಮೀಟರಿನೊಳಗಿನವರು. ಅವರಿಗೆ ನಿಮ್ಮ ಪುಸ್ತಕದಲ್ಲಿ ಬರುವ ಹೊಳೆ, ಸಂತೆ, ಬಸ್ ನಿಲ್ದಾಣ ಗೊತ್ತಿದ್ದರೆ ಹೆಸರು ಹಿಡಿದೇ ಹೇಳಿ.

ಸರ್ಕಾರಿ ನೌಕರಿಯಲ್ಲಿರುವವರು ಪ್ರಸಾರದಲ್ಲಿ ಭಾಗವಹಿಸುವ ಬಗ್ಗೆ ತಮ್ಮ ಇಲಾಖೆಯ ನಿಯಮ ಏನು ಹೇಳುತ್ತದೆ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಸಂದರ್ಶಕರ ಕೈಗೆ ಒಂದು ಹಾಳೆ

ನಿಮ್ಮನ್ನು ಸಂದರ್ಶಿಸುವವರು ಪುಸ್ತಕವನ್ನು ಪೂರ್ತಿ ಓದಿರದೇ ಇರಬಹುದು. ಅದಕ್ಕೆ ನೊಂದುಕೊಳ್ಳಬೇಡಿ. ಬೆಳಿಗ್ಗೆ ಮಧುಮೇಹದ ಬಗ್ಗೆ ವೈದ್ಯರ ಜೊತೆ ಮಾತನಾಡಿ, ಮಧ್ಯಾಹ್ನ ನಿಮ್ಮ ಮುಂದೆ ಕುಳಿತು, ಸಂಜೆ ಜಾನಪದ ತಂಡದ ಧ್ವನಿಮುದ್ರಣ ಮುಗಿಸಿ ಮನೆಗೆ ಹೋಗುವವರು ಅವರು. ನಾನೂ ಎಷ್ಟೋ ಸಲ ಬೆನ್ನುಡಿ, ಮುನ್ನುಡಿ, ನಡುವಿನ ಎರಡು ಅಧ್ಯಾಯ ಇಷ್ಟನ್ನೇ ಓದಿ ಹೋಗಿದ್ದೇನೆ. ಅಂಥ ದಿನಗಳಲ್ಲಿ ಲೇಖಕರು ಒಂದು ಹಾಳೆ ಕಳುಹಿಸಿದ್ದರೆ ಅವರ ಉಪಕಾರವನ್ನು ಮರೆಯುತ್ತಿರಲಿಲ್ಲ.

ಆ ಹಾಳೆಯಲ್ಲಿ ಏನಿರಬೇಕು? ನಿಮ್ಮ ಹೆಸರು, ಊರು, ಹೆಸರನ್ನು ಹೇಗೆ ಉಚ್ಚರಿಸಬೇಕು ಎಂಬುದು. ಪುಸ್ತಕದ ಬಗ್ಗೆ ಮೂರು ಸರಳ ವಾಕ್ಯ. ಮುಖ್ಯ ಪಾತ್ರಗಳ ಹೆಸರು. ನೀವು ಓದಬಯಸುವ ಭಾಗದ ಪುಟ ಸಂಖ್ಯೆ. ಕೊನೆಯಲ್ಲಿ, ಯಾರಾದರೂ ಕೇಳಬಾರದೇ ಎಂದು ನಿಮಗೆ ಅನ್ನಿಸುವ ನಾಲ್ಕು ಪ್ರಶ್ನೆಗಳು. “ಇವನ್ನೇ ಕೇಳಿ” ಎಂದು ಬರೆಯಬೇಡಿ, “ಅನುಕೂಲವಾದರೆ ಬಳಸಿಕೊಳ್ಳಿ” ಎಂದರೆ ಸಾಕು. ಹಾಳೆಯನ್ನು ಎರಡು ದಿನ ಮೊದಲೇ ಕಳುಹಿಸಿ, ಇನ್ನೊಂದು ಪ್ರತಿ ಚೀಲದಲ್ಲಿರಲಿ. ಪುಸ್ತಕದ ಒಂದು ಪ್ರತಿಯೂ ಇರಲಿ, ಏಕೆಂದರೆ ನೀವು ಅಂಚೆಯಲ್ಲಿ ಕಳುಹಿಸಿದ್ದು ಬೇರೆ ಯಾವುದೋ ಮೇಜಿನ ಮೇಲೆ ಉಳಿದಿರುವ ಸಾಧ್ಯತೆ ಯಾವಾಗಲೂ ಇದೆ.

ಹದಿನೈದು ನಿಮಿಷದ ಲೆಕ್ಕ

ಕಾರ್ಯಕ್ರಮ 15 ನಿಮಿಷದ್ದು ಎಂದಿಟ್ಟುಕೊಳ್ಳಿ. ಆರಂಭದ ಪರಿಚಯ, ಕೊನೆಯ ವಂದನೆ ಸೇರಿ 1 ನಿಮಿಷ ಹೋಯಿತು. ಹತ್ತು ಪ್ರಶ್ನೆ ಕೇಳಲು 3 ನಿಮಿಷ. ನೀವು ಪುಸ್ತಕದಿಂದ ಓದುವುದು 2 ನಿಮಿಷ. ಉಳಿದದ್ದು 9. ಒಂದು ಉತ್ತರಕ್ಕೆ ಒಂದು ನಿಮಿಷವೂ ಸಿಗುವುದಿಲ್ಲ. ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳದ ಲೇಖಕರು ಮೊದಲ ಪ್ರಶ್ನೆಗೇ ಬಾಲ್ಯದಿಂದ ಶುರುಮಾಡಿ ಐದು ನಿಮಿಷ ತೆಗೆದುಕೊಳ್ಳುತ್ತಾರೆ. ಪುಸ್ತಕದ ಬಳಿಗೆ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ.

ಮನೆಯಲ್ಲಿ ಹೀಗೆ ಮಾಡಿ. ಮೊಬೈಲಿನ ರೆಕಾರ್ಡರ್ ಹಾಕಿ, ಒಂದು ಪ್ರಶ್ನೆಗೆ ಉತ್ತರ ಹೇಳಿ, ನಿಲ್ಲಿಸಿ, ಎಷ್ಟು ಹೊತ್ತಾಯಿತು ನೋಡಿ. ಮೊದಲ ಸಲ ಎರಡೂವರೆ ನಿಮಿಷವಾಗಿರುತ್ತದೆ. ಬೇಡದ್ದನ್ನು ಬಿಟ್ಟು ಮತ್ತೊಮ್ಮೆ ಹೇಳಿ. ಉತ್ತರಗಳನ್ನು ಬರೆದು ಬಾಯಿಪಾಠ ಮಾಡಬೇಡಿ. ಪಾಠ ಒಪ್ಪಿಸುವ ದನಿ ಕೇಳುಗರಿಗೆ ಅರೆಕ್ಷಣದಲ್ಲಿ ತಿಳಿಯುತ್ತದೆ. ಒಂದು ಚೀಟಿಯಲ್ಲಿ ಒಂದೊಂದು ಉತ್ತರಕ್ಕೆ ಒಂದೊಂದೇ ಪದ ಬರೆದುಕೊಳ್ಳಿ: ‘ಕಾಫಿ ಲೋಟ’, ‘ಅಜ್ಜಿಯ ಪೆಟ್ಟಿಗೆ’, ‘1991ರ ಪತ್ರ’. ಉಳಿದದ್ದು ತಾನಾಗಿ ಬರುತ್ತದೆ.

ನಿಮ್ಮ ರೆಕಾರ್ಡಿಂಗ್ ಕೇಳುವಾಗ ‘ಅಂದರೆ’, ‘ಏನೆಂದರೆ’, ‘ಒಂದು ರೀತಿಯಲ್ಲಿ’ ಎಷ್ಟು ಸಲ ಬಂದಿವೆ ಎಂದು ಎಣಿಸಿ. ಎಲ್ಲವನ್ನೂ ತೆಗೆಯಬೇಕಿಲ್ಲ. ಅರ್ಧ ಕಡಿಮೆಯಾದರೂ ಮಾತು ಹಗುರಾಗುತ್ತದೆ.

ಖಂಡಿತ ಬರುವ ನಾಲ್ಕು ಪ್ರಶ್ನೆಗಳು

ಕನ್ನಡದ ಬಾನುಲಿ, ದೂರದರ್ಶನಗಳಲ್ಲಿ ಲೇಖಕರಿಗೆ ಕೇಳುವ ಪ್ರಶ್ನೆಗಳಲ್ಲಿ ನಾಲ್ಕು ತಪ್ಪುವುದಿಲ್ಲ. ಇವಕ್ಕೆ ಹೆಚ್ಚು ಸಮಯ ಕೊಡಿ, ಏಕೆಂದರೆ ಇವೇ ಹೆಚ್ಚು ಕೆಡುವುದು.

“ಈ ಪುಸ್ತಕ ಬರೆಯಲು ಪ್ರೇರಣೆ ಏನು?” ಈ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ನಮ್ಮ ಬಾಯಲ್ಲಿ ದೊಡ್ಡ ಪದಗಳು ಬರುತ್ತವೆ. ಸಮಾಜ, ಸಂವೇದನೆ, ತುಡಿತ. ಅದರ ಬದಲು ಒಂದು ಜಾಗ, ಒಂದು ಹೊತ್ತು, ಒಬ್ಬ ವ್ಯಕ್ತಿಯಿಂದ ಉತ್ತರ ಆರಂಭಿಸಿ. ಆ ಹಿರಿಯರು ಸ್ಟುಡಿಯೋದಲ್ಲಿ, “ಮಲೆನಾಡಿನ ಶ್ರಮಿಕ ವರ್ಗದ ಬದುಕು ನನ್ನನ್ನು ಕಾಡುತ್ತಿತ್ತು” ಎಂದರು. ಕಾರಿಡಾರಿನಲ್ಲಿ, “ಕೈಯಲ್ಲಿ ಅವನಿಗೆಂದು ತಂದ ಕಾಫಿ ಇತ್ತು” ಎಂದರು. ಎರಡೂ ನಿಜವೇ. ಆದರೆ ಮೊದಲನೆಯದನ್ನು ಕೇಳಿದವರು ತಮ್ಮ ಕೆಲಸ ಮುಂದುವರಿಸುತ್ತಾರೆ. ಎರಡನೆಯದನ್ನು ಕೇಳಿದವರು ಪಾತ್ರೆ ತೊಳೆಯುವ ಕೈ ನಿಲ್ಲಿಸಿ ನಲ್ಲಿ ಬಂದ್ ಮಾಡುತ್ತಾರೆ.

“ನಿಮ್ಮ ಮೇಲೆ ಪ್ರಭಾವ ಬೀರಿದ ಲೇಖಕರು?” ಹತ್ತು ಹೆಸರು ಹೇಳಬೇಡಿ. ಒಬ್ಬರನ್ನು ಆರಿಸಿ, ಅವರಿಂದ ಕಲಿತ ಒಂದೇ ಒಂದು ಸಂಗತಿ ಹೇಳಿ. ಯಾರನ್ನು ಬಿಟ್ಟರೆ ಯಾರಿಗೆ ಬೇಸರ ಎಂಬ ಅಳುಕಿನಿಂದ ಪಟ್ಟಿ ಕೊಡುವವರೇ ಹೆಚ್ಚು. ಕೇಳುಗರಿಗೆ ಆ ಪಟ್ಟಿಯಿಂದ ಏನೂ ಸಿಗುವುದಿಲ್ಲ.

“ಓದುಗರು ಕಡಿಮೆಯಾಗುತ್ತಿದ್ದಾರಲ್ಲ?” ಇದಕ್ಕೆ ‘ಹೌದು, ಮೊಬೈಲ್ ಬಂದು ಹಾಳಾಯಿತು’ ಎಂದು ತಲೆಯಾಡಿಸುವುದು ಸುಲಭ. ಆದರೆ ಆ ಹೊತ್ತಿನಲ್ಲಿ ನಿಮ್ಮ ಮಾತು ಕೇಳುತ್ತಿರುವವರೇ ನಿಮ್ಮ ಮುಂದಿನ ಓದುಗರು. ಅವರ ಎದುರು ಓದುಗರಿಲ್ಲವೆಂದು ಹೇಳುವುದು ಊಟಕ್ಕೆ ಕುಳಿತವರ ಮುಂದೆ ಅತಿಥಿಗಳೇ ಬರುವುದಿಲ್ಲ ಎಂದ ಹಾಗೆ. ನಿಮಗೆ ಪತ್ರ ಬರೆದ, ಕರೆ ಮಾಡಿದ ಒಬ್ಬ ಓದುಗರ ವಿಷಯ ಹೇಳಿ. ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ಕಾರ್ಯಕ್ರಮದಲ್ಲಿ ಸರಿಯುತ್ತರಕ್ಕೆ ಕನ್ನಡ ಪುಸ್ತಕವೇ ಬಹುಮಾನ. ಅದನ್ನು ಮನೆಮಂದಿಯೆಲ್ಲ ಕುಳಿತು ನೋಡಿದ ನಾಡು ಇದು.

“ಯುವ ಬರಹಗಾರರಿಗೆ ನಿಮ್ಮ ಕಿವಿಮಾತು?” ಇದು ಯಾವಾಗಲೂ ಕೊನೆಯ ಪ್ರಶ್ನೆ. ಸಮಯ ಮುಗಿಯುತ್ತಿರುತ್ತದೆ, ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಸಿಗದು. ನೀವೇ ಪಾಲಿಸುವ ಒಂದು ಅಭ್ಯಾಸವನ್ನು ಹೇಳಿ ನಿಲ್ಲಿಸಿ.

ಇನ್ನೊಂದು ವಿಷಯ: ಪುಸ್ತಕದ ಹೆಸರು. ‘ಇದರಲ್ಲಿ’, ‘ಈ ಕೃತಿಯಲ್ಲಿ’ ಎಂದೇ ಮಾತನಾಡಿದರೆ ಐದನೇ ನಿಮಿಷದಲ್ಲಿ ರೇಡಿಯೋ ಹಾಕಿದವರಿಗೆ ಯಾವ ಪುಸ್ತಕವೆಂದೇ ತಿಳಿಯುವುದಿಲ್ಲ. ಹದಿನೈದು ನಿಮಿಷದಲ್ಲಿ ನಾಲ್ಕು ಸಲವಾದರೂ ಹೆಸರು ಬರಲಿ. ಹಾಗೆ ಹೇಳುವುದು ಬಡಾಯಿಯಾಗುತ್ತದೆ ಎಂಬ ಸಂಕೋಚ ಬೇಡ. ಕನ್ನಡದಲ್ಲಿ ಹೆಚ್ಚಿನ ಪುಸ್ತಕಗಳು ಮೊದಲಿಗೆ 500 ಅಥವಾ 1000 ಪ್ರತಿ ಅಚ್ಚಾಗುತ್ತವೆ. ಅಂಥ ಪುಸ್ತಕದ ಹೆಸರನ್ನು ಅಷ್ಟೂ ಜನರ ಕಿವಿಗೆ ತಲುಪಿಸುವ ಅವಕಾಶ ಮತ್ತೆ ಎಂದು ಬರುತ್ತದೋ.

ಓದುವ ಭಾಗ

ಮೊದಲ ಪುಟವನ್ನೇ ಓದಬೇಕೆಂದಿಲ್ಲ. ಇಬ್ಬರು ಮಾತನಾಡುವ ಭಾಗ ಕಿವಿಗೆ ಚೆನ್ನಾಗಿ ಹಿಡಿಯುತ್ತದೆ. ಮೂರನೆಯ ಪಾತ್ರ ಬಂದರೆ ಯಾರು ಯಾರೆಂದು ಕೇಳುಗರಿಗೆ ಗೊಂದಲ.

ಅಚ್ಚಿನಲ್ಲಿರುವ ಹಾಗೆಯೇ ಓದಬೇಕೆಂಬ ಹಟವೂ ಬೇಡ. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ಎದ್ದು, ಬಾಗಿಲು ತೆರೆದು, ಅಂಗಳಕ್ಕೆ ಇಳಿದು, ಕೊಟ್ಟಿಗೆಯತ್ತ ನೋಡಿ’ ಎಂದು ಹೋಗುತ್ತಿದ್ದರೆ ಕಣ್ಣು ಹಿಂದಕ್ಕೆ ಹೋಗಿ ಬರಬಲ್ಲದು, ಕಿವಿಗೆ ಅದು ಆಗದು. ಅಂಥ ವಾಕ್ಯವನ್ನು ಎರಡು ಮೂರಾಗಿ ಒಡೆದು, ದೊಡ್ಡ ಅಕ್ಷರದಲ್ಲಿ ಬೇರೆ ಹಾಳೆಗೆ ಮುದ್ರಿಸಿಕೊಳ್ಳಿ. ಹಾಳೆಯ ಒಂದೇ ಬದಿ ಬಳಸಿ, ಪಿನ್ನು ಹೊಡೆಯಬೇಡಿ, ವಾಕ್ಯ ಒಂದು ಹಾಳೆಯಿಂದ ಇನ್ನೊಂದಕ್ಕೆ ಹರಿಯದಿರಲಿ. ಪುಟ ಮಗುಚುವ ಸದ್ದು ಮೈಕಿನಲ್ಲಿ ಒಣ ತೆಂಗಿನ ಗರಿ ಎಳೆದಂತೆ ಕೇಳುತ್ತದೆ. ಓದಿ ಮುಗಿದ ಹಾಳೆಯನ್ನು ಎತ್ತಬೇಡಿ, ಮೆಲ್ಲಗೆ ಪಕ್ಕಕ್ಕೆ ಸರಿಸಿ.

ಕುಂದಾಪುರದ ಮಾತು, ಧಾರವಾಡದ ಮಾತು, ಚಾಮರಾಜನಗರದ ಮಾತು ಪುಸ್ತಕದಲ್ಲಿದ್ದರೆ ಅದೇ ದನಿಯಲ್ಲಿ ಓದಿ. ತಿಳಿಯಲಾರದ ಒಂದೆರಡು ಪದಗಳನ್ನು ಓದುವ ಮೊದಲೇ ಬಿಡಿಸಿ ಹೇಳಿ, ನಡುವೆ ನಿಲ್ಲಿಸಬೇಡಿ. ನಿಮ್ಮ ಸ್ವಂತ ಮಾತಿಗೂ ಇದೇ ಅನ್ವಯಿಸುತ್ತದೆ. ಮೈಕು ಕಂಡ ಕೂಡಲೇ ವಾರ್ತೆಯ ಕನ್ನಡಕ್ಕೆ ಜಿಗಿಯುವವರ ಮಾತು ಬೇರೆ ಯಾರೋ ಬರೆದುಕೊಟ್ಟಂತೆ ಕೇಳುತ್ತದೆ.

ಸ್ಟುಡಿಯೋದ ಒಳಗೆ

ಅರ್ಧ ಗಂಟೆ ಮೊದಲೇ ಹೋಗಿ. ಬಾಗಿಲಲ್ಲಿ ತೋರಿಸಲು ಗುರುತಿನ ಚೀಟಿ, ಸಂಭಾವನೆಗೆ ಬೇಕಾಗುವ ಬ್ಯಾಂಕ್ ಖಾತೆಯ ವಿವರ, ಪ್ಯಾನ್ ಸಂಖ್ಯೆ ಜೊತೆಗಿರಲಿ. ಮೊಬೈಲನ್ನು ಮೌನಕ್ಕೆ ಹಾಕಿದರೆ ಸಾಲದು, ಪೂರ್ತಿ ಆರಿಸಿ. ಬಳೆ, ಗೆಜ್ಜೆಯಂಥ ಸರ, ಜೇಬಿನ ಚಿಲ್ಲರೆ, ಕಿರುಗುಟ್ಟುವ ಕುರ್ಚಿ ಇವೆಲ್ಲ ಮಾತಿಗಿಂತ ಮೊದಲು ಮೈಕಿಗೆ ಕೇಳುತ್ತವೆ.

ಮೈಕು ಬಾಯಿಯಿಂದ ಸುಮಾರು ಒಂದು ಗೇಣು ದೂರದಲ್ಲಿರಲಿ. ಈಗ ಒಂದು ಪ್ರಯೋಗ ಮಾಡಿ ನೋಡಿ: ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಪುಸ್ತಕ’ ಎನ್ನಿ. ಗಾಳಿ ಅಂಗೈಗೆ ತಾಕಿತಲ್ಲ? ಅದೇ ಗಾಳಿ ಮೈಕಿಗೆ ಗುದ್ದಿದರೆ ‘ಡಬ್’ ಎಂಬ ಸದ್ದು. ಲೇಖಕರ ದುರದೃಷ್ಟಕ್ಕೆ ನಮ್ಮ ವೃತ್ತಿಯ ಪದಗಳೆಲ್ಲ ಇದೇ ಜಾತಿಯವು: ಪುಸ್ತಕ, ಪಾತ್ರ, ಪ್ರಕಾಶಕರು, ಭಾಷೆ, ಭಾವನೆ. ಮೈಕಿಗೆ ನೇರವಾಗಿ ಮುಖ ಕೊಡದೆ ತುಸು ಓರೆಯಾಗಿ, ಅದರ ಪಕ್ಕದಿಂದ ಹಾಯುವಂತೆ ಮಾತನಾಡಿದರೆ ಗಾಳಿ ಆಚೆ ಹೋಗುತ್ತದೆ, ದನಿ ಮಾತ್ರ ಒಳಗೆ ಬರುತ್ತದೆ. ದನಿ ಪರೀಕ್ಷೆಗೆ ‘ಹಲೋ, ಒಂದು, ಎರಡು’ ಎನ್ನುವ ಬದಲು ನೀವು ಓದಲಿರುವ ಭಾಗದ ಎರಡು ಸಾಲನ್ನೇ ಓದಿ. ಗಾಜಿನಾಚೆ ಕುಳಿತವರಿಗೆ ನಿಮ್ಮ ನಿಜವಾದ ದನಿಯ ಏರಿಳಿತ ಸಿಗುತ್ತದೆ.

ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ಬಾನುಲಿ ಕೇಂದ್ರ ಆರಂಭಿಸಿದ್ದು ತಮ್ಮ ಮನೆಯಲ್ಲೇ. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ಬಂತು. ಸ್ಟುಡಿಯೋದಲ್ಲಿ ಕುಳಿತಾಗಲೆಲ್ಲ ನಾನು ಅದನ್ನು ನೆನೆಯುತ್ತೇನೆ. ಒಂದು ಮನೆಯಿಂದ ಹೊರಟು ಇನ್ನೊಂದು ಮನೆಗೆ ತಲುಪಿದ ಮಾತು ಅದು. ಹಾಗಾಗಿ ಸಭೆಯನ್ನು ಉದ್ದೇಶಿಸುವ ‘ಆತ್ಮೀಯ ಬಂಧುಗಳೇ’ ಧಾಟಿ ಇಲ್ಲಿ ಬೇಡ. ಗೊತ್ತಿರುವ ಒಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳಿ. ನಾನು ನನ್ನ ಚಿಕ್ಕಮ್ಮನನ್ನು ತಂದುಕೊಳ್ಳುತ್ತೇನೆ. ಆಕೆ ಹೂ ಕಟ್ಟುತ್ತಾ ರೇಡಿಯೋ ಕೇಳುತ್ತಿದ್ದಳು.

ಧ್ವನಿಮುದ್ರಣದಲ್ಲಿ ತಪ್ಪಿದರೆ ಗಾಬರಿಯಾಗಬೇಡಿ. ಎರಡು ಕ್ಷಣ ಸುಮ್ಮನಿದ್ದು ಆ ವಾಕ್ಯವನ್ನು ಮೊದಲಿನಿಂದ ಹೇಳಿ. ನಡುವಿನ ಆ ಮೌನ ಸಂಕಲನ ಮಾಡುವವರಿಗೆ ಕತ್ತರಿ ಹಾಕಲು ಜಾಗ ಕೊಡುತ್ತದೆ.

ಆಕಾಶವಾಣಿಗೆ ಪ್ರಸಾರ ಸಂಹಿತೆ ಇದೆ. ಧರ್ಮ, ಸಮುದಾಯಗಳ ಮೇಲೆ ದಾಳಿ, ಅಶ್ಲೀಲ ಅಥವಾ ಮಾನಹಾನಿಕರ ಮಾತು, ಹಿಂಸೆಗೆ ಪ್ರಚೋದನೆ, ನ್ಯಾಯಾಂಗ ನಿಂದನೆ, ಮಿತ್ರರಾಷ್ಟ್ರಗಳ ಟೀಕೆ, ಹೆಸರು ಹೇಳಿ ರಾಜಕೀಯ ಪಕ್ಷದ ಮೇಲೆ ದಾಳಿ ಇವಕ್ಕೆ ಅವಕಾಶವಿಲ್ಲ. ನಿಮ್ಮ ಪುಸ್ತಕ ಇಂಥ ವಿಷಯದ ಹತ್ತಿರ ಸುಳಿಯುವುದಾದರೆ ಕಾರ್ಯಕ್ರಮ ನಿರ್ವಾಹಕರೊಂದಿಗೆ ಮೊದಲೇ ಮಾತನಾಡಿ. ಪುಸ್ತಕದ ಬೆಲೆ, ಅಂಗಡಿಯ ಹೆಸರು ಹೇಳಬಹುದೇ ಎಂಬುದನ್ನೂ ಆಗಲೇ ಕೇಳಿಕೊಳ್ಳಿ.

ಕ್ಯಾಮೆರಾ ಇದ್ದರೆ

ಚಂದನದಂಥ ವಾಹಿನಿಯ ಸ್ಟುಡಿಯೋಗೆ ಹೋಗುವಾಗ ಹಿನ್ನೆಲೆ ಪರದೆ ಹಸಿರೇ ಎಂದು ಕೇಳಿ. ಹಸಿರಾಗಿದ್ದರೆ ಹಸಿರು ಸೀರೆ, ಹಸಿರು ಅಂಗಿ ಉಟ್ಟವರ ಮೈಯೇ ತೆರೆಯಲ್ಲಿ ಮಾಯವಾಗಿ ಹಿಂದಿನ ಚಿತ್ರ ಕಾಣುತ್ತದೆ. ಒತ್ತೊತ್ತಾದ ಸಣ್ಣ ಗೆರೆ, ಸಣ್ಣ ಚೌಕುಳಿ ತೆರೆಯಲ್ಲಿ ನಡುಗುತ್ತವೆ. ಅಚ್ಚ ಬಿಳಿ ಕಣ್ಣಿಗೆ ಹೊಡೆಯುತ್ತದೆ. ಗಟ್ಟಿ ಜರಿಯ ರೇಷ್ಮೆ ಸೀರೆ ನೋಡಲು ಚೆಂದ, ಆದರೆ ಎದೆಗೆ ಸಿಕ್ಕಿಸುವ ಮೈಕಿಗೆ ಸೆರಗು ಉಜ್ಜಿ ಸರಬರ ಸದ್ದು ಬರುತ್ತದೆ. ಮೆತ್ತನೆಯ ಹತ್ತಿಯದು ಮೇಲು. ಕ್ಯಾಮೆರಾ ನೋಡಬೇಡಿ, ಸಂದರ್ಶಕರನ್ನು ನೋಡಿ. ಮುಗಿಯಿತೆಂದ ಮೇಲೂ ಮೈಕು ಬಿಚ್ಚುವವರೆಗೆ ನಿಮ್ಮ ಮಾತು ಯಾರಿಗಾದರೂ ಕೇಳುತ್ತಲೇ ಇರುತ್ತದೆ.

ಸುದ್ದಿ ವಾಹಿನಿಯವರು ಪುಸ್ತಕದ ನೆಪದಲ್ಲಿ ಕರೆದು ಆ ದಿನದ ವಿವಾದದ ಬಗ್ಗೆ ಕೇಳುವುದುಂಟು. “ಅದನ್ನು ಮಾತನಾಡಲು ನನಗಿಂತ ತಿಳಿದವರಿದ್ದಾರೆ. ನಾನು ಬರೆದಿರುವುದು ಇದು” ಎಂದು ಮತ್ತೆ ನಿಮ್ಮ ತೋಟಕ್ಕೆ ಬನ್ನಿ.

ಕೇಳುಗರು ಕರೆ ಮಾಡಿದಾಗ

ನೇರ ಫೋನ್-ಇನ್ ಇದ್ದರೆ ಪೆನ್ನು, ಹಾಳೆ ಮುಂದಿಟ್ಟುಕೊಳ್ಳಿ. ಕರೆ ಮಾಡಿದವರು ಹೆಸರು, ಊರು ಹೇಳಿದ ಕೂಡಲೇ ಬರೆದುಕೊಂಡು, ಉತ್ತರಿಸುವಾಗ ಹೆಸರು ಹಿಡಿದು ಮಾತನಾಡಿ. ಕೆಲವರು ಪ್ರಶ್ನೆ ಕೇಳುವುದಿಲ್ಲ, ತಮ್ಮ ಕಥೆ ಹೇಳುತ್ತಾರೆ. ಅದನ್ನು ತುಂಡರಿಸಬೇಡಿ, ಸಮಯ ನೋಡಿಕೊಳ್ಳುವುದು ನಿರೂಪಕರ ಕೆಲಸ. ಒಮ್ಮೆ ಒಬ್ಬ ಹೆಂಗಸು ಕರೆ ಮಾಡಿ, ನನ್ನ ಕಥೆಯ ಮುದುಕಿ ಸಾಯಬಾರದಿತ್ತು ಎಂದು ಅತ್ತರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. “ನನಗೂ ಹಾಗೇ ಅನ್ನಿಸಿತ್ತು ಅಮ್ಮ” ಎಂದೆ. ಅಂದು ಹೇಳಿದ ಮಾತುಗಳಲ್ಲಿ ಅದೇ ಸರಿಯಾದದ್ದು.

ಮನೆಯಿಂದಲೇ ಆನ್‌ಲೈನಿನಲ್ಲಿ ಮಾತನಾಡುವುದಾದರೆ ಬಟ್ಟೆಯ ಬೀರು, ಹಾಸಿಗೆ ಇರುವ ಸಣ್ಣ ಕೋಣೆ ಆರಿಸಿ, ಅಲ್ಲಿ ದನಿ ಗುಂಯ್ಗುಡುವುದಿಲ್ಲ. ಫ್ಯಾನ್ ಆರಿಸಿ, ಕುಕ್ಕರ್ ಇಡಬೇಡಿ ಎಂದು ಮನೆಯವರಿಗೆ ಹೇಳಿ. ವಿದೇಶದ ಕನ್ನಡಿಗರೊಂದಿಗಿನ ಕಾರ್ಯಕ್ರಮವಾದರೆ ಸಮಯ ಭಾರತದ್ದೋ ಅಲ್ಲಿಯದೋ ಎಂದು ಎರಡು ಸಲ ಕೇಳಿ.

ಪ್ರಸಾರದ ವಾರ

ದಿನ, ಹೊತ್ತು ತಿಳಿದ ಕೂಡಲೇ ಪ್ರಕಾಶಕರಿಗೆ ಹೇಳಿ. ಗಾಂಧಿ ಬಜಾರಿನ ಅಂಕಿತ, ನವಕರ್ನಾಟಕ, ಸಪ್ನದಂಥ ಮಳಿಗೆಗಳಲ್ಲಿ, ಮುಖ್ಯವಾಗಿ ನಿಮ್ಮ ಜಿಲ್ಲೆಯ ಪುಸ್ತಕದಂಗಡಿಯಲ್ಲಿ ಆ ವಾರ ನಾಲ್ಕು ಪ್ರತಿಯಾದರೂ ಇರಲಿ. ಕೇಳಿದ ಮರುದಿನ ಹೋದವರಿಗೆ ‘ಇಲ್ಲ’ ಎಂದರೆ ಅವರು ಎರಡನೆಯ ಸಲ ಹೋಗುವುದು ಕಷ್ಟ. ದೂರದೂರಿನ ನೆಂಟರು, ಸ್ನೇಹಿತರು ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ಆಕಾಶವಾಣಿಯ ನಿಲಯಗಳನ್ನು ನೇರವಾಗಿ ಕೇಳಬಹುದು. ನಿಲಯದ ಹೆಸರು, ಸಮಯ ಬರೆದು ಅವರಿಗೆ ಕಳುಹಿಸಿ. ಕೊನೆಯ ಗಳಿಗೆಯಲ್ಲಿ ಪ್ರಸಾರ ಮುಂದೆ ಹೋಗುವುದೂ ಇದೆ, ಆಗ ಮತ್ತೊಮ್ಮೆ ತಿಳಿಸಿ.

ಪ್ರಸಾರವನ್ನು ನೀವೂ ಕೇಳಿ, ಕೈಯಲ್ಲಿ ಪೆನ್ನು ಹಿಡಿದು. ಎಲ್ಲಿ ಅವಸರ ಮಾಡಿದಿರಿ, ಯಾವ ಉತ್ತರ ಉದ್ದವಾಯಿತು, ಯಾವ ಪದ ಮೈಕಿಗೆ ಬಡಿಯಿತು ಎಂದು ಗುರುತು ಮಾಡಿಕೊಳ್ಳಿ. ಸ್ಟುಡಿಯೋದಿಂದ ಹೊರಬಂದ ಮೇಲೆ ಯಾರ ಬಳಿಯಾದರೂ ಪುಸ್ತಕದ ಬಗ್ಗೆ ಏನು ಹೇಳಿದಿರಿ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದಿಡಿ. ಮುಂದಿನ ಕರೆ ಬಂದಾಗ ಚೀಟಿಯ ಮೇಲಿನ ಮೊದಲ ಪದ ಅದೇ ಆಗಲಿ.